ಗಾಜಿನ ತಪ್ಪು, ಗಣಿತದ ತಿದ್ದುಪಡಿ

ಕೆನಾನ್ ಕಂಪನಿ 2021ರಲ್ಲಿ ಒಂದು ಪುಟ್ಟ ವೈಡ್ ಲೆನ್ಸನ್ನು ಮಾರುಕಟ್ಟೆಗೆ ಬಿಟ್ಟಿತು: ಆರ್‌ಎಫ್ 16 ಮಿ.ಮೀ. ಎಫ್ 2.8. ತೂಕ 165 ಗ್ರಾಂ. ಮುಂದೆ ಹಾಕುವ ಫಿಲ್ಟರಿನ ಅಳತೆ 43 ಮಿ.ಮೀ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಇಷ್ಟು ಅಗಲದ ನೋಟ, ಇಷ್ಟು ಬೆಳಕು, ಅದೂ ಅಂಗೈಯಲ್ಲಿ ಅಡಗುವ ಗಾತ್ರದಲ್ಲಿ ಎಂದು ಫಿಲ್ಮ್ ಕಾಲದವರಿಗೆ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇದರಲ್ಲಿ ತೆಗೆದ ಜೆಪೆಗ್ ಚಿತ್ರ ನೋಡಿದರೆ ಗೋಡೆ ನೆಟ್ಟಗಿದೆ, ಮೂಲೆಗಳಲ್ಲಿ ಬೆಳಕಿದೆ, ದೂರುವಂಥದ್ದು ಹೆಚ್ಚೇನೂ ಇಲ್ಲ. ಅದೇ ಚಿತ್ರದ ರಾ ಫೈಲನ್ನು, ಕಂಪನಿಯ ತಿದ್ದುಪಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶವೊಂದರಲ್ಲಿ ತೆರೆದು ನೋಡಿ. ಗೋಡೆ ಹೊಟ್ಟೆ ಬಿಟ್ಟುಕೊಂಡಿದೆ. ನಾಲ್ಕೂ ಮೂಲೆ ಕಪ್ಪು. ಮಬ್ಬು ಎನ್ನುವಂತಿಲ್ಲ, ಕಪ್ಪೇ. ಲೆನ್ಸು ಬೀರುವ ಬಿಂಬದ ವೃತ್ತ ಸೆನ್ಸರಿನ ಮೂಲೆಯನ್ನು ಮುಟ್ಟುವುದೇ ಇಲ್ಲ. ಕ್ಯಾಮೆರಾ ಆ ಉಬ್ಬನ್ನು ಹೊರಕ್ಕೆಳೆದು ನೆಟ್ಟಗೆ ಮಾಡುವಾಗ ಕಪ್ಪು ಮೂಲೆಗಳು ಚೌಕಟ್ಟಿನಾಚೆ ಜಾರಿಕೊಳ್ಳುತ್ತವೆ. ಈ ಲೆನ್ಸು ಹಾಕಿದಾಗ ಕ್ಯಾಮೆರಾದ ಮೆನುವಿನಲ್ಲಿ ಈ ಉಬ್ಬಿನ, ಅಂದರೆ ಡಿಸ್ಟಾರ್ಷನ್ನಿನ, ತಿದ್ದುಪಡಿಯನ್ನು ಆಫ್ ಮಾಡುವ ಆಯ್ಕೆಯೂ ಸಿಗುವುದಿಲ್ಲ.

ವಿಷಯ ಗೊತ್ತಾದಾಗ ಫೋಟೋಗ್ರಾಫರುಗಳಿಂದ ಎರಡು ಬಗೆಯ ಮಾತು ಬರುತ್ತದೆ. ‘ಅರ್ಧ ಲೆನ್ಸಿಗೆ ಪೂರಾ ದುಡ್ಡು ಕೊಟ್ಟ ಹಾಗಾಯಿತು’ ಎಂದು ಒಬ್ಬರು ಸಿಡುಕುತ್ತಾರೆ. ‘ಫೋಟೋ ಚೆನ್ನಾಗಿ ಬಂತಲ್ಲ, ಒಳಗೆ ಏನು ನಡೆದರೆ ನಿನಗೇನಪ್ಪ?’ ಎಂದು ಇನ್ನೊಬ್ಬರು. ಮೊದಲನೆಯವರಿಗೆ ಲೆನ್ಸುಗಳ ಚರಿತ್ರೆ ಮರೆತಿದೆ. ಎರಡನೆಯವರಿಗೆ ತಾವು ದುಡ್ಡು ಕೊಟ್ಟು ತಂದ ವಸ್ತು ಯಾರ ಹಿಡಿತದಲ್ಲಿದೆ ಎಂಬುದು ಹೊಳೆದಿಲ್ಲ. ಲೆನ್ಸಿನ ತಪ್ಪನ್ನು ಕ್ಯಾಮೆರಾ ತಿದ್ದುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ತಿದ್ದಿದ್ದನ್ನು ಹೇಳದೆ ಇರುವುದು, ತಿದ್ದುಪಡಿಯ ಕೀಲಿಕೈಯನ್ನು ಕಂಪನಿಯೇ ಇಟ್ಟುಕೊಳ್ಳುವುದು, ಇವೆರಡರ ಬಗ್ಗೆ ತಕರಾರಿದೆ.

ಮೊದಲು ಚರಿತ್ರೆ. ತಪ್ಪಿಲ್ಲದ ಲೆನ್ಸು ಯಾವ ಕಾಲದಲ್ಲೂ ಇರಲಿಲ್ಲ. ಜೋಸೆಫ್ ಪೆಟ್ಜ್‌ವಾಲ್ 1840ರಲ್ಲಿ ವಿಯೆನ್ನಾದಲ್ಲಿ ತನ್ನ ಪೋರ್ಟ್ರೇಟ್ ಲೆನ್ಸನ್ನು ರೂಪಿಸಿದಾಗ ಸೈನ್ಯದ ಫಿರಂಗಿ ದಳದಿಂದ ಲೆಕ್ಕ ಬಲ್ಲ ಸಿಪಾಯಿಗಳನ್ನು ಎರವಲು ಪಡೆದು ಕೂರಿಸಿಕೊಂಡಿದ್ದ. ಫೋಟೋಗ್ರಫಿಗಾಗಿ ಲೆಕ್ಕ ಹಾಕಿಯೇ ಮಾಡಿದ ಮೊದಲ ಲೆನ್ಸುಗಳಲ್ಲಿ ಅದು ಒಂದು. ನಡುಭಾಗ ಅದ್ಭುತವಾಗಿ ಚೂಪು. ಅಂಚಿಗೆ ಹೋದಂತೆ ಬಿಂಬ ಬಾಗುತ್ತದೆ, ಕರಗುತ್ತದೆ. ಮುಖದ ಚಿತ್ರ ತೆಗೆಯುವವನಿಗೆ ಅಂಚು ಬೇಕಿರಲಿಲ್ಲ, ಆದ್ದರಿಂದ ಪೆಟ್ಜ್‌ವಾಲ್ ಅಂಚನ್ನು ಬಿಟ್ಟುಕೊಟ್ಟ. 1850ರ ದಶಕದಲ್ಲಿ ಲುಡ್ವಿಗ್ ಸೈಡೆಲ್ ಎಂಬ ಜರ್ಮನ್ ಗಣಿತಜ್ಞ ಲೆನ್ಸಿನ ಮೂಲ ದೋಷಗಳನ್ನು ಐದಾಗಿ ವಿಂಗಡಿಸಿ ಸೂತ್ರ ಕೊಟ್ಟ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು: ಒಂದನ್ನು ಅದುಮಿದರೆ ಇನ್ನೊಂದು ತಲೆಯೆತ್ತುತ್ತದೆ. ಅಂದಿನಿಂದ ಇಂದಿನವರೆಗೆ ಲೆನ್ಸ್ ವಿನ್ಯಾಸ ಎಂದರೆ ಯಾವ ತಪ್ಪನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಚೌಕಾಸಿಯೇ.

ಆ ಚೌಕಾಸಿ ಲೆನ್ಸಿನೊಳಗೇ ಮುಗಿಯುತ್ತಿತ್ತು ಎನ್ನುವುದೂ ಸರಿಯಲ್ಲ. ಓರೆಯಾಗಿ ಬಂದ ಬೆಳಕು ಅಂಚಿನಲ್ಲಿ ಎಷ್ಟು ಕುಂದುತ್ತದೆ ಎಂಬುದಕ್ಕೆ ಒಂದು ನಿಯಮವಿದೆ. ಕೋನದ ಕೊಸೈನ್ ಬೆಲೆಯ ನಾಲ್ಕನೇ ಘಾತದಷ್ಟು ಮಾತ್ರ ಉಳಿಯುತ್ತದೆ. 45 ಡಿಗ್ರಿ ಓರೆಗೆ ಲೆಕ್ಕ ಹಾಕಿದರೆ ಕಾಲುಭಾಗ. ಬೆಳಕು ಎರಡು ಸಲ ಅರ್ಧಕ್ಕಿಳಿದ ಹಾಗೆ, ಅಂದರೆ ಎರಡು ಸ್ಟಾಪ್ ನಷ್ಟ. ದೊಡ್ಡ ಪ್ಲೇಟ್ ಕ್ಯಾಮೆರಾಗಳ ವೈಡ್ ಲೆನ್ಸಿಗೆ ಷ್ನೈಡರ್‌ನಂಥ ಕಂಪನಿಗಳು ‘ಸೆಂಟರ್ ಫಿಲ್ಟರ್’ ಎಂಬುದನ್ನು ಮಾರುತ್ತಿದ್ದವು. ನಡುವೆ ದಟ್ಟ ಬೂದು, ಅಂಚಿಗೆ ಹೋದಂತೆ ತಿಳಿಯಾಗುವ ಗಾಜು ಅದು. ನಡುವಿನ ಬೆಳಕನ್ನು ಬೇಕೆಂದೇ ಕಡಿಮೆ ಮಾಡಿ ಅಂಚಿಗೆ ಸರಿಸಮ ಮಾಡುವುದು ಅದರ ಕೆಲಸ. ಇನ್ನು ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರಿನ ಕೆಳಗೆ ಕೈ ಅಡ್ಡ ಹಿಡಿದು ಪ್ರಿಂಟಿನ ಒಂದು ಭಾಗಕ್ಕೆ ಬೆಳಕು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕೊಡದ ಫೋಟೋಗ್ರಾಫರ್ ಇದ್ದನೇ? ಲೆನ್ಸು ಬಿಟ್ಟ ಕೆಲಸವನ್ನು ಆಮೇಲೆ ಇನ್ಯಾರೋ ಮುಗಿಸುವುದು ಈ ಕಸುಬಿನಲ್ಲಿ ಮೊದಲಿನಿಂದಲೂ ಇದ್ದದ್ದು. ಆದ್ದರಿಂದ ‘ಶುದ್ಧ ಗಾಜು’ ಎಂಬ ಮಡಿಯನ್ನು ಇಲ್ಲಿಗೆ ಬಿಡೋಣ.

ಆದರೆ ತಿದ್ದುಪಡಿಗಳೆಲ್ಲ ಒಂದೇ ಜಾತಿಯವಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ ತೀರಾ ಕೆಳಗಿನ ಸಾಲು ಆನೆಗಳದ್ದು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಹೀಗೆ ಪಟ್ಟಿಯ ಮೇಲೆ ಪಟ್ಟಿ. ವೈಡ್ ಲೆನ್ಸಿನ ಡಿಸ್ಟಾರ್ಷನ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಗೋಡೆ ಸಿಗಲಿಕ್ಕಿಲ್ಲ. ಎದುರಿಗೆ ನಿಂತು ಆನೆಗಳ ಸಾಲನ್ನು ಚೌಕಟ್ಟಿನ ಕೆಳ ಅಂಚಿಗೆ ತಂದರೆ, ತಿದ್ದದ ಚಿತ್ರದಲ್ಲಿ ಆ ಸಾಲು ನಡುವೆ ಕೆಳಕ್ಕೆ ಜೋತು ಎರಡೂ ಕೊನೆಯಲ್ಲಿ ಮೇಲಕ್ಕೆ ಬಾಗುತ್ತದೆ. ಆರು ಸಾವಿರಕ್ಕೆ ನಾಲ್ಕು ಸಾವಿರ ಪಿಕ್ಸೆಲ್ಲಿನ ಸೆನ್ಸರಿನಲ್ಲಿ ನಡುವಿನಿಂದ ಮೂಲೆಗೆ ಸುಮಾರು 3,600 ಪಿಕ್ಸೆಲ್ ದೂರ. ಡಿಸ್ಟಾರ್ಷನ್ ಶೇಕಡಾ 5 ಇದ್ದರೆ ಮೂಲೆಯ ಆನೆ ತಾನಿರಬೇಕಾದ ಜಾಗದಿಂದ 180 ಪಿಕ್ಸೆಲ್ ಒಳಗೆ ಕೂತಿದೆ ಎಂದರ್ಥ. ಕ್ಯಾಮೆರಾ ಮಾಡುವುದು ಅದನ್ನು ಹೊರಕ್ಕೆ ತಳ್ಳುವ ಕೆಲಸ. ಎಷ್ಟು ತಳ್ಳಬೇಕು ಎಂಬುದು ಒಂದು ಸಣ್ಣ ಬಹುಪದೋಕ್ತಿಯಲ್ಲಿ ಅಡಗಿದೆ; ಮೂರ್ನಾಲ್ಕು ಸಂಖ್ಯೆ ಗೊತ್ತಿದ್ದರೆ ಸಾಕು. ಲೆನ್ಸು ಜೂಮ್ ಆಗಿದ್ದರೆ ಪ್ರತಿ ಫೋಕಲ್ ಲೆಂತಿಗೂ, ಫೋಕಸಿನ ದೂರಕ್ಕೂ ಬೇರೆ ಸಂಖ್ಯೆಗಳು ಬೇಕು. ಇಲ್ಲಿ ಹೊಸದಾಗಿ ಹುಟ್ಟಿದ್ದು ಏನೂ ಇಲ್ಲ. ಆನೆ ಅದೇ ಆನೆ, ಜಾಗ ಬದಲಾಯಿತು. ತೆರಬೇಕಾದ ಬೆಲೆ ಇಷ್ಟೇ: ಲಟ್ಟಿಸಿದ ರೊಟ್ಟಿಯ ಅಂಚಿನ ಹಾಗೆ ಮೂಲೆಯ ವಿವರ ತೆಳುವಾಗುತ್ತದೆ, ಏಕೆಂದರೆ ಇದ್ದಷ್ಟೇ ಪಿಕ್ಸೆಲ್ಲುಗಳು ಹೆಚ್ಚು ಜಾಗಕ್ಕೆ ಹರಡಬೇಕು. ಅಂಚಿನಲ್ಲಿ ಕಾಣುವ ಕೆಂಪು-ಹಸಿರು ಗೆರೆ, ಅಂದರೆ ಲ್ಯಾಟರಲ್ ಕ್ರೋಮ್ಯಾಟಿಕ್ ಅಬೆರೇಷನ್, ಇದೂ ಹೆಚ್ಚುಕಡಿಮೆ ಇದೇ ಜಾತಿ. ಮೂರು ಬಣ್ಣದ ಬಿಂಬಗಳು ಮೂರು ಗಾತ್ರದಲ್ಲಿ ಬಿದ್ದಿರುತ್ತವೆ; ಗಾತ್ರ ಸರಿಪಡಿಸಿ ಒಂದರ ಮೇಲೊಂದು ಕೂರಿಸಿದರೆ ಆಯಿತು.

ಮೂಲೆಯ ಕತ್ತಲೆಯ ಲೆಕ್ಕ ಬೇರೆ. ಮೂಲೆಗೆ ಮೂರು ಸ್ಟಾಪ್ ಕಡಿಮೆ ಬೆಳಕು ಬಿದ್ದಿದ್ದರೆ ಕ್ಯಾಮೆರಾ ಅಲ್ಲಿನ ಬೆಲೆಗಳನ್ನು ಎಂಟರಿಂದ ಗುಣಿಸುತ್ತದೆ. ಬೆಳಕಿನ ಜೊತೆಗೆ ನಾಯ್ಸೂ ಎಂಟುಪಟ್ಟು. ನೀವು ಐಎಸ್‌ಒ 800 ಇಟ್ಟು ಮದುವೆ ಮಂಟಪದ ಚಿತ್ರ ತೆಗೆದಿದ್ದೀರಿ ಎಂದುಕೊಳ್ಳಿ. ನಡುವಿನ ವಧೂವರರು 800ರಲ್ಲಿದ್ದಾರೆ, ಮೂಲೆಯಲ್ಲಿ ಕೂತ ಸೋದರಮಾವ 6400ರಲ್ಲಿದ್ದಾರೆ. ಪರದೆಯಲ್ಲಿ ಎಲ್ಲರೂ ಸಮ ಬೆಳಕಿನಲ್ಲಿ ಕಾಣುತ್ತಾರೆ, ದೊಡ್ಡ ಪ್ರಿಂಟು ಹಾಕಿಸಿದಾಗ ಮಾವನ ಮುಖ ಮರಳು ಮರಳು. ಲೆನ್ಸಿನ ಮೇಲೆ ಎಫ್ 2.8 ಎಂದು ಬರೆದಿರುವುದು ನಡುವಿನ ಮಟ್ಟಿಗೆ ನಿಜ.

ಮೂರನೆಯ ಜಾತಿ ಇನ್ನೂ ಸೂಕ್ಷ್ಮ: ಮಸುಕಾದದ್ದನ್ನು ಚೂಪು ಮಾಡುವುದು. ಇದರ ಶಕ್ತಿ ಮತ್ತು ಮಿತಿ ಎರಡನ್ನೂ ತೋರಿಸಿದ್ದು ಹಬಲ್ ದೂರದರ್ಶಕ. 1990ರ ಏಪ್ರಿಲ್‌ನಲ್ಲಿ ಅದು ಆಕಾಶಕ್ಕೆ ಹೋದ ಕೆಲವೇ ವಾರಗಳಲ್ಲಿ ಚಿತ್ರಗಳು ಮಸುಕು ಎಂದು ಗೊತ್ತಾಯಿತು. 2.4 ಮೀಟರ್ ಅಗಲದ ಮುಖ್ಯ ಕನ್ನಡಿಯ ಅಂಚನ್ನು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿ ಉಜ್ಜಲಾಗಿತ್ತು. ಕಾರಣ, ಕನ್ನಡಿಯ ಆಕಾರವನ್ನು ಪರೀಕ್ಷಿಸುವ ಉಪಕರಣದಲ್ಲೇ ಒಂದು ಲೆನ್ಸು 1.3 ಮಿ.ಮೀ. ಆಚೆ ಕೂತಿತ್ತು. ತಪ್ಪಿನ ಆಕಾರ ಎಷ್ಟು ಕರಾರುವಾಕ್ಕಾಗಿ ತಿಳಿದಿತ್ತೆಂದರೆ, ಖಗೋಳಜ್ಞರು ಅದನ್ನು ಗಣಿತದಿಂದ ಹಿಂದಕ್ಕೆ ತಿರುಗಿಸಿ, ಡೀಕಾನ್ವೊಲ್ಯೂಷನ್ ಎಂಬ ವಿಧಾನದಲ್ಲಿ ಗ್ರಹಗಳ, ಹೊಳಪಿನ ನಕ್ಷತ್ರಗಳ ಒಳ್ಳೆಯ ಚಿತ್ರಗಳನ್ನು ಪಡೆದರು. ಮಂಕಾದ ಗ್ಯಾಲಕ್ಸಿಗಳ ವಿಷಯದಲ್ಲಿ ಆ ಜಾಣತನ ನಡೆಯಲಿಲ್ಲ. ಚದುರಿಹೋದ ಬೆಳಕು ಹಿನ್ನೆಲೆಯ ನಾಯ್ಸಿನಲ್ಲಿ ಮುಳುಗಿದ ಮೇಲೆ ಯಾವ ಸೂತ್ರವೂ ಅದನ್ನು ಹೆಕ್ಕಲಾರದು. ಕೊನೆಗೆ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ದೋಷವನ್ನು ಸರಿದೂಗಿಸುವ ಕನ್ನಡಿಗಳನ್ನು ಕೂರಿಸಿಯೇ ಬರಬೇಕಾಯಿತು.

ಕೆನಾನ್‌ನ ‘ಡಿಜಿಟಲ್ ಲೆನ್ಸ್ ಆಪ್ಟಿಮೈಸರ್’ ಇದೇ ದಾರಿಯದು. ಮೊದಲು ಕಂಪ್ಯೂಟರಿನ ತಂತ್ರಾಂಶದಲ್ಲಿತ್ತು, 2016ರಲ್ಲಿ 5ಡಿ ಮಾರ್ಕ್ 4ರ ಹೊತ್ತಿಗೆ ಕ್ಯಾಮೆರಾದೊಳಕ್ಕೇ ಬಂತು. ಲೆನ್ಸು ಎಲ್ಲಿ ಎಷ್ಟು ಮಸುಕು ಮಾಡುತ್ತದೆ ಎಂದು ಗೊತ್ತಿದ್ದರೆ ಅದನ್ನು ಒಂದಷ್ಟು ಹಿಂದಕ್ಕೆ ತಿರುಗಿಸಬಹುದು. ಇಲ್ಲಿಯವರೆಗೂ ನನಗೆ ಒಪ್ಪಿಗೆ, ಏಕೆಂದರೆ ಇಲ್ಲಿನ ಗಣಿತಕ್ಕೆ ಆಧಾರ ಆ ಲೆನ್ಸಿನ ಅಳತೆ. ಲೆನ್ಸಿನ ಗುಣ ಹೇಗಿದೆ ಎಂದು ನೋಡಿ ತಿದ್ದುವುದು ತಿದ್ದುಪಡಿ; ಸಾಮಾನ್ಯವಾಗಿ ಹಕ್ಕಿಯ ಗರಿ ಹೀಗಿರುತ್ತದೆ ಎಂದು ಊಹಿಸಿ ಗರಿ ಬಿಡಿಸುವುದು ಚಿತ್ರಕಲೆ. ಮೊಬೈಲುಗಳು ಈಗಾಗಲೇ ಎರಡನೆಯದರ ಕಡೆ ವಾಲಿವೆ. ಗೆರೆ ಎಲ್ಲಿ ಎಳೆಯಬೇಕು ಎಂದು ಕೇಳಿದರೆ ನಾನು ಇವೆರಡರ ನಡುವೆ ಎಳೆಯುತ್ತೇನೆ.

ಇನ್ನು ಕಂಪನಿಗಳ ಪರವಾಗಿ ಹೇಳಬೇಕಾದ ಮಾತು. ಅದನ್ನು ಬಲವಾಗಿಯೇ ಹೇಳಬೇಕು. ಎಸ್‌ಎಲ್‌ಆರ್ ಕ್ಯಾಮೆರಾದ ಕಿಂಡಿಯಲ್ಲಿ ಒಳಗಿನ ಕನ್ನಡಿಯ ಮೂಲಕ ಕಾಣುತ್ತಿದ್ದದ್ದು ಲೆನ್ಸಿನದೇ ಬಿಂಬ. ಅಲ್ಲಿ ಗೆರೆ ಬಾಗಿದ್ದರೆ ಬಾಗಿದಂತೆಯೇ ಕಾಣುತ್ತಿತ್ತು. ಆಮೇಲೆ ಗಣಿತದಿಂದ ನೆಟ್ಟಗೆ ಮಾಡಿದರೆ ನೋಡಿದ ಚೌಕಟ್ಟೇ ಬೇರೆ, ಸಿಕ್ಕಿದ ಚೌಕಟ್ಟೇ ಬೇರೆ. ಹಾಗಾಗಿ 2007ರ ನಿಕಾನ್ ಡಿ3, ಡಿ300 ಕ್ಯಾಮೆರಾಗಳು ಅಂಚಿನ ಬಣ್ಣವನ್ನು, 2008ರ ಕೆನಾನ್ 50ಡಿ ಮೂಲೆಯ ಕತ್ತಲನ್ನು ತಿದ್ದಿದವೇ ಹೊರತು ಆಕಾರಕ್ಕೆ ಕೈ ಹಾಕುವುದರಲ್ಲಿ ಎಲ್ಲರಿಗೂ ಅಳುಕಿತ್ತು. ಒಲಿಂಪಸ್ ಮತ್ತು ಪ್ಯಾನಸಾನಿಕ್ 2008ರಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಪದ್ಧತಿಯನ್ನು ಸಾರಿ ಕ್ಯಾಮೆರಾದಿಂದ ಕನ್ನಡಿಯನ್ನೇ ಕಿತ್ತುಹಾಕಿದಾಗ ಆ ಅಳುಕು ಹೋಯಿತು. ಕಿಂಡಿಯಲ್ಲಿ ಈಗ ಇರುವುದು ಪುಟ್ಟ ಪರದೆ. ಅದರಲ್ಲಿ ತೋರುವುದೇ ತಿದ್ದಿದ ಚಿತ್ರ. ವಿನ್ಯಾಸಕಾರನಿಗೆ ಇದರಿಂದ ಸಿಕ್ಕ ಸ್ವಾತಂತ್ರ್ಯ ದೊಡ್ಡದು. ಡಿಸ್ಟಾರ್ಷನ್ ಚಿಂತೆಯನ್ನು ಗಣಿತಕ್ಕೆ ಬಿಟ್ಟರೆ, ಗಾಜನ್ನೆಲ್ಲ ಗಣಿತಕ್ಕೆ ದಕ್ಕದ ದೋಷಗಳ ಮೇಲೆ ಖರ್ಚು ಮಾಡಬಹುದು. ಮೂಲೆಯ ದೀಪಕ್ಕೆ ಬಾಲ ಬೆಳೆಯುವುದನ್ನು, ಫೋಕಸ್ ತಲ ಬಾಗುವುದನ್ನು, ಚೂಪಿನ ಹಿಂದುಮುಂದೆ ನೇರಳೆ-ಹಸಿರು ಹೊಗೆಯಾಡುವುದನ್ನು ತಡೆಯಲು ಗಾಜೇ ಬೇಕು. ಹೀಗೆ ಹಂಚಿಕೊಂಡು ಕೆಲಸ ಮಾಡಿದ ಲೆನ್ಸು ಎಲ್ಲವನ್ನೂ ಗಾಜಿನಲ್ಲೇ ಮಾಡಲು ಹೊರಟ ಲೆನ್ಸಿಗಿಂತ ಚಿಕ್ಕದೂ ಅಗ್ಗವೂ ಆಗಿ, ಎಷ್ಟೋ ಸಲ ಉತ್ತಮವೂ ಆಗಿರುತ್ತದೆ. ಮೊದಲ ಕ್ಯಾಮೆರಾ ಕೊಳ್ಳುವ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ.

ಅಗ್ಗದ ಲೆನ್ಸಿನಲ್ಲಿ ಮಾತ್ರ ಈ ಉಪಾಯ ಎಂದುಕೊಳ್ಳಬೇಡಿ. ಕೆನಾನ್‌ನ ಕೆಂಪು ಪಟ್ಟಿಯ ದುಬಾರಿ ಆರ್‌ಎಫ್ 14-35 ಮಿ.ಮೀ. ಎಫ್ 4 ಕೂಡ ತನ್ನ ಅಗಲದ ತುದಿಯಲ್ಲಿ ಇದನ್ನೇ ನೆಚ್ಚಿಕೊಂಡಿದೆ. 2015ರ ಲೈಕಾ ಕ್ಯೂ ಕ್ಯಾಮೆರಾದ 28 ಮಿ.ಮೀ. ಲೆನ್ಸೂ ಅಷ್ಟೆ. ಆದರೆ ಲೈಕಾದ ಆ ಕ್ಯಾಮೆರಾ ತಿದ್ದುಪಡಿಯ ಸಂಖ್ಯೆಗಳನ್ನು ಬರೆಯುವುದು ಡಿಎನ್‌ಜಿ ಫೈಲಿನೊಳಗೆ. ಡಿಎನ್‌ಜಿ ಅಡೋಬಿ ಪ್ರಕಟಿಸಿರುವ ಬಹಿರಂಗ ನಮೂನೆ. ‘ಈ ಚಿತ್ರವನ್ನು ಇಷ್ಟು ಬಗ್ಗಿಸು, ಅಂಚನ್ನು ಇಷ್ಟು ಬೆಳಗು’ ಎಂಬ ಆದೇಶಗಳನ್ನು ಅದರಲ್ಲಿ ಹೇಗೆ ಬರೆಯಬೇಕೆಂದು 2009ರ ಆವೃತ್ತಿಯಿಂದಲೇ ನಿಗದಿಯಾಗಿದೆ. ಯಾವ ತಂತ್ರಾಂಶ ಬರೆಯುವವನೂ ಅದನ್ನು ಓದಬಹುದು, ಬೇಡವೆಂದರೆ ಬಿಡಬಹುದು. ಅದೇ ಗಣಿತವನ್ನು ಬೇರೆ ಕಂಪನಿಗಳು ತಮ್ಮದೇ ರಾ ಫೈಲಿನ ಗುಟ್ಟಿನ ಮೂಲೆಯಲ್ಲಿ ಹುದುಗಿಸುತ್ತವೆ. ಲೆನ್ಸಿನ ತಪ್ಪು ಎರಡು ಕಡೆಯೂ ಒಂದೇ, ತಿದ್ದುವ ವಿಧಾನವೂ ಒಂದೇ. ಕೊಂಡವನಿಗೆ ಉಳಿಯುವ ಅಧಿಕಾರ ಮಾತ್ರ ಒಂದೇ ಅಲ್ಲ.

ಈ ಅಧಿಕಾರದ ಪ್ರಶ್ನೆ ಲೈಕಾ ಮನೆಯಲ್ಲೂ ಹಿಂದೆಯೇ ತಲೆಯೆತ್ತಿತ್ತು. 2006ರಲ್ಲಿ ಬಂದ ಎಂ8 ಅವರ ಎಂ ಸಾಲಿನ ಮೊದಲ ಡಿಜಿಟಲ್ ಕ್ಯಾಮೆರಾ. ಸೆನ್ಸರಿನ ಮುಂದಿನ ಗಾಜು ತೀರಾ ತೆಳುವಾಗಿದ್ದರಿಂದ ಇನ್‌ಫ್ರಾರೆಡ್ ಕಿರಣಗಳು ಒಳಗೆ ನುಸುಳಿ, ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಕಾಣತೊಡಗಿತು. ಕಂಪನಿ ಕ್ಯಾಮೆರಾ ಕೊಂಡವರಿಗೆ ಎರಡೆರಡು ಫಿಲ್ಟರು ಬಿಟ್ಟಿಯಾಗಿ ಕೊಟ್ಟಿತು. ಫಿಲ್ಟರು ಹಾಕಿದರೆ ನೇರಳೆ ಹೋಯಿತು, ಆದರೆ ವೈಡ್ ಲೆನ್ಸುಗಳಲ್ಲಿ ಮೂಲೆಗಳು ನೀಲಿ-ಹಸಿರಿಗೆ ತಿರುಗಿದವು. ಅದನ್ನು ಸರಿಪಡಿಸಲು ಹೊಸ ಫರ್ಮ್‌ವೇರ್ ಬಂತು. ಫರ್ಮ್‌ವೇರಿಗೆ ಯಾವ ಲೆನ್ಸು ಹಾಕಿದ್ದಾರೆ ಎಂದು ತಿಳಿಯಬೇಕಲ್ಲ? ಲೈಕಾ ಎಂ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲ. ಅದಕ್ಕಾಗಿ ಲೆನ್ಸಿನ ಹಿಂಬದಿಯ ಲೋಹದ ಬಳೆಯಲ್ಲಿ ಆರು ಚುಕ್ಕೆ, ಕಪ್ಪು ಇಲ್ಲವೆ ಬಿಳಿ. ಒಟ್ಟು 64 ಸಂಕೇತ. ಹಳೆಯ ಲೆನ್ಸಿಗೆ ಚುಕ್ಕೆ ಹಾಕಿಸಬೇಕಾದರೆ ಜರ್ಮನಿಗೆ ಕಳಿಸಿ, ದುಡ್ಡು ಕೊಟ್ಟು, ಕಾಯಬೇಕು. ಜನ ಕಾಯಲಿಲ್ಲ. ಯಾವ ಲೆನ್ಸಿಗೆ ಯಾವ ಸಂಕೇತ ಎಂಬ ಪಟ್ಟಿ ಕೈಯಿಂದ ಕೈಗೆ ಹರಡಿತು. ಕಪ್ಪು ಮಾರ್ಕರ್ ಪೆನ್ನು ತೆಗೆದುಕೊಂಡು ತಮ್ಮ ಹಳೆಯ ಲೆನ್ಸುಗಳಿಗೆ ತಾವೇ ಚುಕ್ಕೆ ಇಟ್ಟರು. ಕ್ಯಾಮೆರಾ ಒಪ್ಪಿಕೊಂಡಿತು! 2009ರ ಎಂ9ರಲ್ಲಿ ಲೈಕಾ ಬುದ್ಧಿವಂತಿಕೆ ತೋರಿಸಿ, ಲೆನ್ಸಿನ ಹೆಸರನ್ನು ಮೆನುವಿನಲ್ಲಿ ಕೈಯಾರೆ ಆರಿಸುವ ಅವಕಾಶ ಕೊಟ್ಟಿತು. ಉಳಿದ ಕಂಪನಿಗಳು ಕಲಿಯಬೇಕಾದ ಪಾಠ ಆ ಮೆನುವಿನಲ್ಲಿದೆ.

ಯಾವ ಲೆನ್ಸಿಗೆ ಯಾವ ತಿದ್ದುಪಡಿ ಎಂಬ ಪಟ್ಟಿಯನ್ನು ಕ್ಯಾಮೆರಾದ ಬಾಡಿಯಲ್ಲೇ ಇಟ್ಟುಕೊಳ್ಳುವ ಪದ್ಧತಿಯ ತೊಂದರೆಯೂ ಇದೇ. 2009ರ ಕೆನಾನ್ 7ಡಿಯ ಕೈಪಿಡಿ ತೆರೆದರೆ, ಕ್ಯಾಮೆರಾದಲ್ಲಿ ಸುಮಾರು 25 ಲೆನ್ಸುಗಳ ಮಾಹಿತಿ ಮೊದಲೇ ತುಂಬಿದೆ, ಮಿಕ್ಕವನ್ನು ಕಂಪ್ಯೂಟರ್ ಮೂಲಕ ಸೇರಿಸಿಕೊಳ್ಳಿ ಎಂದಿದೆ. ನಿಕಾನ್ ಇದಕ್ಕಾಗಿಯೇ ಬೇರೆ ಫೈಲೊಂದನ್ನು ಕೊಡುತ್ತಿತ್ತು. ಮೆಮೊರಿ ಕಾರ್ಡಿಗೆ ಹಾಕಿ, ಫರ್ಮ್‌ವೇರಿನಂತೆಯೇ ಏರಿಸಬೇಕು. ಹೊಸ ಲೆನ್ಸು ಬಂತು, ಹಳೆಯ ಬಾಡಿಗೆ ಅಪ್‌ಡೇಟ್ ಬರಲಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಮೈಕ್ರೋ ಫೋರ್ ಥರ್ಡ್ಸ್‌ನವರು, ಆಮೇಲೆ ಕೆನಾನ್ ಆರ್‌ಎಫ್‌ನವರು ಮಾಹಿತಿಯನ್ನು ಲೆನ್ಸಿನ ಚಿಪ್ಪಿನಲ್ಲೇ ಇಟ್ಟದ್ದು ಈ ದೃಷ್ಟಿಯಿಂದ ಒಳ್ಳೆಯ ಕೆಲಸ. ಲೆನ್ಸು ತನ್ನ ತಪ್ಪಿನ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ. ಆದರೆ ಅಲ್ಲೂ ಎಡವಟ್ಟು ಆಗಿದೆ. ಮೊದಮೊದಲು ಪ್ಯಾನಸಾನಿಕ್ ಲೆನ್ಸನ್ನು ಪ್ಯಾನಸಾನಿಕ್ ಬಾಡಿಗೆ ಹಾಕಿದರೆ ಅಂಚಿನ ಬಣ್ಣ ಮಾಯ. ಅದೇ ಲೆನ್ಸನ್ನು ಅದೇ ಪದ್ಧತಿಯ ಒಲಿಂಪಸ್ ಬಾಡಿಗೆ ಹಾಕಿದರೆ ನೇರಳೆ ಗೆರೆ ಹಾಜರು. ಒಲಿಂಪಸ್ ಆಕಾರವನ್ನು ತಿದ್ದುತ್ತಿತ್ತು, ಬಣ್ಣವನ್ನು ತಿದ್ದುತ್ತಿರಲಿಲ್ಲ. ಹಾಗಾದರೆ ‘ಈ ಲೆನ್ಸು ಹೇಗಿದೆ?’ ಎಂಬ ಪ್ರಶ್ನೆಗೆ ಉತ್ತರ ಏನು?

ಬೇರೆ ಕಂಪನಿಯ ಲೆನ್ಸುಗಳ ಪಾಡು ಇನ್ನೂ ಕಷ್ಟದ್ದು. ಕೆನಾನ್ ಗುಟ್ಟು ಹೇಳದ ಕಾಲದಲ್ಲಿ ಸಿಗ್ಮಾದಂಥವರು ಕ್ಯಾಮೆರಾ-ಲೆನ್ಸುಗಳ ನಡುವಿನ ಸಂಭಾಷಣೆಯನ್ನು ಕದ್ದು ಕೇಳಿ ಕಲಿತು, ತಮ್ಮ ಲೆನ್ಸಿಗೆ ಕೆನಾನ್ ಲೆನ್ಸಿನದೇ ಗುರುತಿನ ಸಂಖ್ಯೆ ಕೊಡುತ್ತಿದ್ದರು. ತಿದ್ದುಪಡಿಯ ಯುಗ ಬಂದ ಮೇಲೆ ಅದು ತಿರುಗಿ ಕಚ್ಚಿತು. ಕ್ಯಾಮೆರಾ ಇದು ನಮ್ಮದೇ ಇಂಥ ಲೆನ್ಸು ಎಂದು ತಿಳಿದು, ಇಲ್ಲದ ದೋಷವನ್ನು ತಿದ್ದಲು ಹೋಗಿ ಚಿತ್ರದಲ್ಲಿ ಉಂಗುರದಂಥ ಕಲೆ ಮೂಡಿಸುತ್ತಿತ್ತು. ಕೆಲವು ಬಾಡಿಗಳಲ್ಲಿ ತಿದ್ದುಪಡಿ ಆಫ್ ಮಾಡಿ ಎಂದು ಸಿಗ್ಮಾವೇ ಗ್ರಾಹಕರಿಗೆ ಹೇಳಬೇಕಾಯಿತು. 2022ರಲ್ಲಿ ಆರ್‌ಎಫ್ ಆಟೋಫೋಕಸ್ ಲೆನ್ಸು ಮಾರುತ್ತಿದ್ದ ವಿಲ್ಟ್ರಾಕ್ಸ್ ಕಂಪನಿ ಕೆನಾನ್‌ನ ಸೂಚನೆಯ ಮೇಲೆ ಮಾರಾಟ ನಿಲ್ಲಿಸಿತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಪರವಾನಗಿ ಸಿಕ್ಕಿತು, ಅದೂ ಚಿಕ್ಕ ಸೆನ್ಸರಿನ ಕ್ಯಾಮೆರಾಗಳ ಲೆನ್ಸಿಗೆ. ಸೋನಿ ತನ್ನ ಇ-ಮೌಂಟಿನ ಮೂಲ ವಿವರಗಳನ್ನು 2011ರಲ್ಲೇ ಬೇರೆ ತಯಾರಕರಿಗೆ ಬಿಟ್ಟುಕೊಟ್ಟಿತ್ತು. ಇಂದು ಸೋನಿ ಬಾಡಿಗೆ ಸಿಗುವಷ್ಟು ಬಗೆಯ ಲೆನ್ಸು ಕೆನಾನ್ ಆರ್‌ಎಫ್‌ಗೆ ಸಿಗದಿರುವುದಕ್ಕೆ ಇದು ದೊಡ್ಡ ಕಾರಣ. ಗಾಜು ಉಜ್ಜುವುದರಲ್ಲಿ ಪೈಪೋಟಿ ಯಾರು ಬೇಕಾದರೂ ಕೊಡಬಹುದಿತ್ತು. ಅರ್ಧ ಕೆಲಸ ಫರ್ಮ್‌ವೇರಿಗೆ ಹೋದ ಮೇಲೆ ಆ ಅರ್ಧದ ಬಾಗಿಲು ಕಾಯುವವನು ಒಬ್ಬನೇ.

ಲೆನ್ಸು ಬಾಳುವಷ್ಟು ಕಾಲ ಕಂಪನಿಗಳು ಬಾಳುವುದಿಲ್ಲ ಎಂಬುದನ್ನೂ ಮರೆಯಬಾರದು. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರ ಬಿಟ್ಟಿತು. ಸ್ಯಾಮ್‌ಸಂಗ್ ತನ್ನ ಎನ್‌ಎಕ್ಸ್ ಸಾಲನ್ನು ಸದ್ದಿಲ್ಲದೆ ನಿಲ್ಲಿಸಿತು. ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರ ಜನವರಿಯಲ್ಲಿ ಬೇರೆಯವರ ಪಾಲಾಯಿತು. 1950ರ ದಶಕದ ಒಂದು ಲೈಕಾ ಲೆನ್ಸನ್ನು ಅಡಾಪ್ಟರ್ ಹಾಕಿ ಇವತ್ತಿನ ಯಾವ ಮಿರರ್‌ಲೆಸ್ ಬಾಡಿಗಾದರೂ ಕೂರಿಸಿ ಚಿತ್ರ ತೆಗೆಯಬಹುದು, ಏಕೆಂದರೆ ಅದರ ವಿನ್ಯಾಸ ಪೂರ್ತಿ ಗಾಜಿನಲ್ಲಿದೆ. ಮೊದಲಿಗೆ ಹೇಳಿದ 16 ಮಿ.ಮೀ. ಲೆನ್ಸನ್ನು ಅರವತ್ತು ವರ್ಷದ ನಂತರ ಯಾವನೋ ಮೊಮ್ಮಗ ಬೇರೆ ಬಾಡಿಗೆ ಹಾಕಿದರೆ ಅವನಿಗೆ ಸಿಗುವುದು ಕಪ್ಪು ಮೂಲೆ, ಬಾಗಿದ ಗೋಡೆ.

ಮಾಹಿತಿ ಬಯಲಿನಲ್ಲಿ ಇರಬೇಕು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಚಿತ್ರ ತೆಗೆಯುವವರೆಲ್ಲ ಚೆಂದಕ್ಕಾಗಿ ತೆಗೆಯುವುದಿಲ್ಲ. ಕರ್ನಾಟಕವೂ ಮೊದಲ ಹಂತದಲ್ಲೇ ಸೇರಿದ್ದ ‘ಸ್ವಾಮಿತ್ವ’ ಯೋಜನೆಯಲ್ಲಿ 2020ರಿಂದ ಡ್ರೋನ್ ಹಾರಿಸಿ ಹಳ್ಳಿಗಳ ಮನೆ-ಜಾಗಗಳ ನಕ್ಷೆ ಮಾಡಲಾಗುತ್ತಿದೆ. ನೂರಾರು ಚಿತ್ರಗಳನ್ನು ಹೊಲಿದು ಅಳತೆ ತೆಗೆಯುವ ಈ ಕೆಲಸದಲ್ಲಿ ತಂತ್ರಾಂಶಕ್ಕೆ ಲೆನ್ಸಿನ ಮೂಲ ಬಾಗು ಇದ್ದಂತೆಯೇ ಬೇಕು; ಅದು ತನ್ನ ಲೆಕ್ಕವನ್ನು ತಾನೇ ಹಾಕಿಕೊಳ್ಳುತ್ತದೆ. ಕ್ಯಾಮೆರಾ ಮೊದಲೇ ಗುಟ್ಟಾಗಿ ನೆಟ್ಟಗೆ ಮಾಡಿ ಕೊಟ್ಟರೆ ಲೆಕ್ಕ ಕೆಡುತ್ತದೆ. ಸರ್ವೆಗೆಂದೇ ಮಾಡಿದ ಡ್ರೋನ್‌ಗಳಲ್ಲಿ ಈ ತಿದ್ದುಪಡಿಗೆ ಸ್ವಿಚ್ಚು ಇರುವುದು ಅದಕ್ಕೇ. ಎರಡು ಮನೆಯ ನಡುವಿನ ಗೋಡೆಯ ವಿಷಯದಲ್ಲಿ 180 ಪಿಕ್ಸೆಲ್ ಎಂದರೆ ಪಂಚಾಯಿತಿ ಕಟ್ಟೆ ಹತ್ತುವ ಮಾತು. ಖಗೋಳ ಛಾಯಾಗ್ರಾಹಕರಿಗೂ ಇಂಥದೇ ಅನುಭವ ಆಗಿದೆ: ಸೋನಿಯ ಕೆಲವು ಬಾಡಿಗಳು ದೀರ್ಘ ಎಕ್ಸ್‌ಪೋಷರಿನಲ್ಲಿ ಸಣ್ಣ ನಕ್ಷತ್ರಗಳನ್ನು ನಾಯ್ಸ್ ಎಂದು ತಿಳಿದು ರಾ ಫೈಲಿನಿಂದಲೇ ಒರೆಸಿಹಾಕುತ್ತಿದ್ದವು. ಅದು ಲೆನ್ಸಿನ ತಿದ್ದುಪಡಿ ಅಲ್ಲ, ನಿಜ. ಆದರೆ ರಾ ಎಂದರೆ ಕೈ ಮುಟ್ಟದ್ದು ಎಂಬ ನಂಬಿಕೆಯನ್ನು ಮುರಿದದ್ದು ಅದೂ ಫರ್ಮ್‌ವೇರೇ.

ಹಾಗಾಗಿ ನಾನು ಕೇಳುವುದು ದೊಡ್ಡ ಕ್ರಾಂತಿಯನ್ನೇನಲ್ಲ. ತಿದ್ದುಪಡಿಯ ಸಂಖ್ಯೆಗಳು ಲೆನ್ಸಿನ ಚಿಪ್ಪಿನಲ್ಲೂ ರಾ ಫೈಲಿನಲ್ಲೂ ಇರಲಿ, ಓದುವ ಬಗೆಯನ್ನು ಕಂಪನಿ ಪ್ರಕಟಿಸಲಿ. ಲೆನ್ಸಿನ ವಿವರಪಟ್ಟಿಯಲ್ಲಿ ತೂಕ, ಫಿಲ್ಟರಿನ ಅಳತೆಗಳ ಜೊತೆ ತಿದ್ದದ ಡಿಸ್ಟಾರ್ಷನ್ ಎಷ್ಟು, ಮೂಲೆಯಲ್ಲಿ ಎಷ್ಟು ಸ್ಟಾಪ್ ನಷ್ಟ ಎಂದು ಎರಡು ಸಾಲು ಸೇರಲಿ. ಪ್ರತಿ ತಿದ್ದುಪಡಿಗೂ ಒಂದು ಆಫ್ ಸ್ವಿಚ್ಚು ಇರಲಿ. ಕಪ್ಪು ಮೂಲೆ ಕಂಡು ಗ್ರಾಹಕ ಬೆಚ್ಚಿಬೀಳುತ್ತಾನೆ ಎಂಬ ಭಯ ಕಂಪನಿಗಿದ್ದರೆ ಅದನ್ನು ಮೆನುವಿನ ಆಳದಲ್ಲಿ ಇಡಲಿ, ಅಡ್ಡಿಯಿಲ್ಲ. ಇದರಿಂದ ಕಂಪನಿಯ ಗುಟ್ಟು ಬಯಲಾಗುತ್ತದೆ ಎಂಬ ವಾದ ನಿಲ್ಲುವಂಥದ್ದಲ್ಲ. ನೆಟ್ಟನೆಯ ಗೆರೆಗಳಿರುವ ಒಂದು ಕಟ್ಟಡದ ಚಿತ್ರ ತೆಗೆದು ಯಾರು ಬೇಕಾದರೂ ಆ ಸಂಖ್ಯೆಗಳನ್ನು ಅಳೆಯಬಹುದು. ‘ಲೆನ್ಸ್‌ಫನ್’ ಎಂಬ ಮುಕ್ತ ತಂತ್ರಾಂಶ ಯೋಜನೆಯ ಸ್ವಯಂಸೇವಕರು ವರ್ಷಗಳಿಂದ ಮಾಡುತ್ತಿರುವುದು ಅದನ್ನೇ. ಸಾವಿರಕ್ಕೂ ಮಿಕ್ಕಿ ಲೆನ್ಸುಗಳಿಗೆ ಅವರ ಬಳಿ ಲೆಕ್ಕವಿದೆ, ಡಾರ್ಕ್‌ಟೇಬಲ್, ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶಗಳು ನಡೆಯುವುದು ಅದರ ಮೇಲೆ. ಕಂಪನಿ ಒಂದು ದಿನದಲ್ಲಿ ಕೊಡಬಹುದಾದದ್ದನ್ನು ಜನ ಭಾನುವಾರಗಳನ್ನು ಖರ್ಚು ಮಾಡಿ ಮರಳಿ ಅಳೆಯುತ್ತಿದ್ದಾರೆ.

ಮುಂದಿನ ಸಲ ಲೆನ್ಸು ಕೊಳ್ಳಲು ಹೋದಾಗ ಅಂಗಡಿಯಲ್ಲೇ ಒಂದು ಗೋಡೆಯ ಚಿತ್ರವನ್ನು ರಾ ಆಗಿ ತೆಗೆದುಕೊಂಡು ಬನ್ನಿ. ಡಾರ್ಕ್‌ಟೇಬಲ್‌ನಲ್ಲಿ ತೆರೆದು, ಲೆನ್ಸ್ ಕರೆಕ್ಷನ್ ಆಫ್ ಮಾಡಿ, ಮೂಲೆಗಳನ್ನು ನೋಡಿ. ನೋಡಿದ ಮೇಲೂ ಕೊಳ್ಳಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ. ಆ ಬೆಲೆಗೆ, ಆ ತೂಕಕ್ಕೆ ಅದು ಒಳ್ಳೆಯ ಲೆನ್ಸೇ ಇರಬಹುದು. ಆದರೆ ಎರಡು ಲೆನ್ಸುಗಳ ನಡುವೆ ಆರಿಸಬೇಕಾಗಿ ಬಂದರೆ, ತಿದ್ದುಪಡಿಯನ್ನು ಆಫ್ ಮಾಡಲು ಬಿಡುವ ಕಂಪನಿಗೆ ನಿಮ್ಮ ದುಡ್ಡು ಕೊಡಿ.